ಆಟದಲ್ಲಿ ಕಲಿತದ್ದು ತಟ್ಟೆಗೆ ಬರಲಿ

(ಗ್ರಾಮೀಣ ಶಾಲಾ ಶಿಕ್ಷಕರು, ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಹೊಲದಲ್ಲಿ ಪೈರಿನ ಎಲೆ ಹಳದಿಗೆ ತಿರುಗಿದರೆ ಅದು ಕೂಡಲೇ ರೈತನ ಕಣ್ಣಿಗೆ ಬೀಳುತ್ತದೆ. ಸಾರಜನಕದ ಕೊರತೆಯೋ, ಕಬ್ಬಿಣದ ಕೊರತೆಯೋ, ಬುಡದಲ್ಲಿ ನೀರು ನಿಂತಿದೆಯೋ ಎಂದು ನಾಲ್ಕು ಜನರನ್ನು ವಿಚಾರಿಸಿ, ಅದೇ ವಾರದಲ್ಲಿ ಪರಿಹಾರ ಮಾಡುತ್ತಾನೆ. ಆದರೆ ಅದೇ ಮನೆಯ ಮಗಳ ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿರುವುದು, ಸ್ವಲ್ಪ ಓಡಿದರೆ ಏದುಸಿರು ಬರುವುದು, ಪಾಠದ ಮೇಲೆ ಗಮನ ನಿಲ್ಲದಿರುವುದು ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. 'ಹುಡುಗಿ ಸ್ವಲ್ಪ ಸೋಮಾರಿ' ಎಂಬ ಮಾತಿನಲ್ಲಿ ಅದು ಮುಗಿದುಹೋಗುತ್ತದೆ.

2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ರಾಗಿ, ಜೋಳ, ತೊಗರಿ, ಅವರೆ, ಸೊಪ್ಪು, ಹಾಲು ಎಲ್ಲವನ್ನೂ ಬೆಳೆದು ಪಟ್ಟಣಕ್ಕೆ ಕಳುಹಿಸುವ ನಾಡಿನಲ್ಲಿಯೇ ಪರಿಸ್ಥಿತಿ ಹೀಗಿರುವುದು ವಿಚಾರ ಮಾಡಬೇಕಾದ ಸಂಗತಿ.

ತಿಳಿವಳಿಕೆ ಇದ್ದರೂ ತಟ್ಟೆ ಬದಲಾಗದು

ಪೌಷ್ಟಿಕ ಆಹಾರದ ಪಾಠ ಶಾಲೆಯಲ್ಲಿ ಇಲ್ಲವೆಂದಲ್ಲ. ಯಾವ ಜೀವಸತ್ವದ ಕೊರತೆಯಿಂದ ಯಾವ ರೋಗ ಬರುತ್ತದೆಂದು ಏಳನೆಯ ತರಗತಿಯ ಮಗು ಪಟಪಟನೆ ಹೇಳಬಲ್ಲದು. ಪರೀಕ್ಷೆಯಲ್ಲಿ ಪೂರ್ಣ ಅಂಕವನ್ನೂ ಪಡೆಯಬಲ್ಲದು. ಅದೇ ಮಗು ಸಂಜೆ ಮನೆಗೆ ಬರುವ ದಾರಿಯಲ್ಲಿ ಐದು ರೂಪಾಯಿಯ ಕುರುಕಲು ತಿಂಡಿಯ ಪೊಟ್ಟಣ ಕೊಳ್ಳುತ್ತದೆ. ಬಸ್ಸಾರಿನ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸುತ್ತದೆ. ಬಾಯಿಪಾಠ ಮಾಡಿದ ವಿಷಯ ನಾಲಿಗೆಯ ಮೇಲೆ ಇರುತ್ತದೆಯೇ ಹೊರತು ನಾಲಿಗೆಯ ರುಚಿಯನ್ನು ಬದಲಿಸುವುದಿಲ್ಲ.

ಈ ಕಾರಣದಿಂದಲೇ ಕಳೆದ ಎರಡು ದಶಕಗಳಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಆಟದ ಮೂಲಕ, ಅದರಲ್ಲೂ ಗಣಕಯಂತ್ರದ ಆಟಗಳು ಮತ್ತು ಜಾಲತಾಣಗಳ ಮೂಲಕ, ಪೋಷಣೆಯನ್ನು ಕಲಿಸುವ ಪ್ರಯತ್ನ ಮಾಡಿದ್ದಾರೆ. ಅಮೆರಿಕದ ಕೃಷಿ ಇಲಾಖೆಯು 2005ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯೊಡನೆ ಮಕ್ಕಳಿಗಾಗಿ ರಾಕೆಟ್ಟಿನ ಆಟವೊಂದನ್ನು ತಂದಿತು. ದಿನದ ಊಟತಿಂಡಿಯನ್ನೂ ವ್ಯಾಯಾಮವನ್ನೂ ಮಗುವೇ ಆರಿಸಬೇಕು. ಆ ಆಯ್ಕೆಯೇ ರಾಕೆಟ್ಟಿಗೆ ಇಂಧನ. ಆಯ್ಕೆ ಸರಿಯಾಗಿದ್ದರೆ ಮಾತ್ರ ರಾಕೆಟ್ಟು ಗುರಿ ಮುಟ್ಟುತ್ತದೆ. ಬೆಳೆಯ ಬಗ್ಗೆ ಹೇಳುವ ಇಲಾಖೆಯೇ ಮಕ್ಕಳ ತಟ್ಟೆಯ ಬಗ್ಗೆಯೂ ಹೇಳಿತೆಂಬುದು ಕೃಷಿ ವಿಸ್ತರಣೆಯಲ್ಲಿ ತೊಡಗಿದವರು ಗಮನಿಸಬೇಕಾದ ಅಂಶ.

ಹ್ಯೂಸ್ಟನ್ನಿನ ಪ್ರಯೋಗ

ಇಂಥ ಆಟಗಳಲ್ಲಿ ಕ್ರಮಬದ್ಧವಾಗಿ ಪರೀಕ್ಷೆಗೆ ಒಳಗಾದದ್ದು ಅಮೆರಿಕದ ಹ್ಯೂಸ್ಟನ್ ನಗರದ ಬೇಲರ್ ವೈದ್ಯಕೀಯ ಕಾಲೇಜಿನ ವಿಜ್ಞಾನಿಗಳು ರೂಪಿಸಿದ 'ಸ್ಕ್ವೈರ್ಸ್ ಕ್ವೆಸ್ಟ್' ಎಂಬ ಆಟ. ಇದರ ಕತೆ ರೈತರಿಗೂ ಹಿಡಿಸುವಂಥದ್ದು. ಒಂದು ರಾಜ್ಯ. ಅಲ್ಲಿನ ಹಣ್ಣು ತರಕಾರಿಗಳ ಬೆಳೆಯನ್ನು ಹಾಳುಮಾಡಲು ಶತ್ರುಗಳು ನುಗ್ಗುತ್ತಾರೆ. ಆಟವಾಡುವ ಮಗು ವೀರಯೋಧನಾಗಲು ಹೊರಟ ಶಿಷ್ಯ. ರಾಜ್ಯವನ್ನು ಕಾಯುವವರಿಗೆ ಬಲ ಬರಬೇಕಾದರೆ, ಪರದೆಯ ಮೇಲಿನ ಅಡುಗೆಮನೆಯಲ್ಲಿ ಅದು ಹಣ್ಣು ತರಕಾರಿಗಳ ಅಡುಗೆ ಮಾಡಬೇಕು. ಪ್ರತಿ ಸಲ ಆಟ ಮುಗಿದಾಗ, ಮುಂದಿನ ಸಲದೊಳಗೆ ತಾನು ನಿಜವಾಗಿ ತಿನ್ನುವುದೇನೆಂದು ಗುರಿ ಇಟ್ಟುಕೊಳ್ಳಬೇಕು.

26 ಪ್ರಾಥಮಿಕ ಶಾಲೆಗಳ ನಾಲ್ಕನೆಯ ತರಗತಿಯ 1578 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಲಾಯಿತು. ಹೊಲದಲ್ಲಿ ಹೊಸ ತಳಿಯ ಪಕ್ಕದಲ್ಲಿ ಹಳೆಯ ತಳಿಯನ್ನೂ ಹಾಕಿ ಹೋಲಿಸುವಂತೆ, ಶಾಲೆಗಳನ್ನು ಜೋಡಿಯಾಗಿ ವಿಂಗಡಿಸಿ, ಒಂದಕ್ಕೆ ಆಟ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡಲಾಯಿತು. ಐದು ವಾರಗಳಲ್ಲಿ ಹತ್ತು ಸಲ, ಪ್ರತಿ ಸಲ ಸುಮಾರು 25 ನಿಮಿಷದ ಆಟ. ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಆಟವಾಡಿದ ಮಕ್ಕಳು ಆಡದ ಮಕ್ಕಳಿಗಿಂತ ದಿನಕ್ಕೆ ಒಂದು ಪಾಲಿನಷ್ಟು ಹೆಚ್ಚು ಹಣ್ಣು, ಹಣ್ಣಿನ ರಸ ಮತ್ತು ತರಕಾರಿ ತಿಂದಿದ್ದರು. ಒಂದು ಪಾಲು ಎಂದರೆ ಸುಮಾರು ಅರ್ಧ ಬಟ್ಟಲು ಬೇಯಿಸಿದ ತರಕಾರಿ. ಮಕ್ಕಳು ತಾವೇ ಬರೆದುಕೊಟ್ಟ ಲೆಕ್ಕದ ಮೇಲೆ, ಆಟ ಮುಗಿದ ಹೊಸತರಲ್ಲಿ ಕಂಡ ಫಲವಿದು ಎಂಬುದನ್ನು ಮರೆಯಬಾರದು. ಆದರೂ ಬೆಳೆಯುವ ಮಗುವಿಗೆ ದಿನಕ್ಕೆ ಅರ್ಧ ಬಟ್ಟಲು ತರಕಾರಿ ಕಡಿಮೆಯ ಮಾತಲ್ಲ.

ಫಲ ಕೊಟ್ಟದ್ದು ಪರದೆಯಲ್ಲ

ಈ ಪ್ರಯೋಗವನ್ನು ಓದಿ 'ಹಾಗಾದರೆ ಪ್ರತಿ ಶಾಲೆಗೂ ಗಣಕಯಂತ್ರ ಬಂದರೆ ಸಾಕು' ಎಂಬ ತೀರ್ಮಾನಕ್ಕೆ ಬರುವುದು ತಪ್ಪಾದೀತು. ಆ ಆಟವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಅಂಶಗಳು ಕಾಣುತ್ತವೆ.

1. ಆರಿಸುವುದು: ಮಗು ಕೇಳಿಸಿಕೊಂಡು ಕೂರುವುದಿಲ್ಲ. ತಾನೇ ಆರಿಸುತ್ತದೆ, ಆಯ್ಕೆಯ ಫಲವನ್ನು ಕೂಡಲೇ ಕಾಣುತ್ತದೆ.

2. ಮಾಡುವುದು: ಸೊಪ್ಪು ಒಳ್ಳೆಯದು ಎಂಬ ಮಾತಿನ ಬದಲು, ಅದನ್ನು ಅಡುಗೆ ಮಾಡುವ ಬಗೆಯನ್ನೇ ಆಟದಲ್ಲಿ ಕಲಿಯುತ್ತದೆ.

3. ಕೇಳುವುದು: ಮನೆಯಲ್ಲಿ ಹಣ್ಣು ತರಕಾರಿ ಬೇಕೆಂದು ಕೇಳುವುದನ್ನು ಆಟವೇ ಅಭ್ಯಾಸ ಮಾಡಿಸುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಹತ್ತು ವರ್ಷದ ಮಗು ಸಂತೆಗೆ ಹೋಗುವುದಿಲ್ಲ, ಒಲೆ ಹಚ್ಚುವುದಿಲ್ಲ, ಬಿತ್ತುವುದಿಲ್ಲ. ಅದು ಮಾಡಬಹುದಾದದ್ದು ಕೇಳುವುದು ಮಾತ್ರ. 'ಅಮ್ಮಾ, ನಾಳೆ ಉಪ್ಪಿಟ್ಟಿಗೆ ನುಗ್ಗೆಸೊಪ್ಪು ಹಾಕ್ತೀಯಾ?' ಎಂದು ಮಗು ಕೇಳಿದಾಗ ಮನೆಯಲ್ಲಿ ದೊರಕುವ ಉತ್ತರದ ಮೇಲೆ ಆಟದ ಸೋಲು ಗೆಲುವು ನಿಂತಿದೆ. ಇದೇ ವಿಜ್ಞಾನಿಗಳು ಮುಂದೆ ಜಾಲತಾಣದ ಮೂಲಕ ಆಡುವಂತೆ ಈ ಆಟದ ಎರಡನೆಯ ಆವೃತ್ತಿಯನ್ನು ತಂದಾಗ ತಂದೆತಾಯಿಯರನ್ನೂ ಜೊತೆಗೆ ಸೇರಿಸಿಕೊಂಡರು. ಏನು ತಿನ್ನುವುದು, ಎಲ್ಲಿ, ಯಾವಾಗ ಎಂಬ ಯೋಜನೆಯನ್ನು ಮಗುವಿನಿಂದ ಮಾಡಿಸುವುದು ಎಷ್ಟು ಉಪಯುಕ್ತವೆಂದೂ ಪರೀಕ್ಷಿಸಿದರು.

ಪರದೆಯ ಮುಂದೆ ಎಚ್ಚರಿಕೆ

ಹಳ್ಳಿಯ ಮನೆಯಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಮೊಬೈಲ್. ಅದೂ ಹೊಲಕ್ಕೆ ಹೋದವರ ಜೇಬಿನಲ್ಲಿರುತ್ತದೆ. ಆದ್ದರಿಂದ ಈ ಕೆಲಸ ಶಾಲೆಯಲ್ಲಿಯೇ, ಶಿಕ್ಷಕರ ಎದುರಿನಲ್ಲಿಯೇ ನಡೆಯುವುದು ಲೇಸು. ಒಂದು ಯಂತ್ರಕ್ಕೆ ನಾಲ್ಕು ಮಕ್ಕಳು ಕುಳಿತು, ಚರ್ಚಿಸಿ ಆರಿಸಲಿ. ಒಬ್ಬನೇ ಗುಂಡಿ ಒತ್ತುವುದಕ್ಕಿಂತ ನಾಲ್ವರು ವಾದ ಮಾಡಿ ಒಂದು ತೀರ್ಮಾನಕ್ಕೆ ಬಂದರೆ ಕಲಿಕೆ ಹೆಚ್ಚು. ವಾರಕ್ಕೆ ಎರಡು ಸಲ, ಪ್ರತಿ ಸಲ ಅರ್ಧ ಗಂಟೆಯ ಒಳಗೆ ಮುಗಿಸುವುದು ಸಾಕು.

ಎರಡು ವಿಷಯಗಳಲ್ಲಿ ಎಚ್ಚರ ಅಗತ್ಯ. ಮೊದಲನೆಯದಾಗಿ, ಹೊರದೇಶದ ಆಟಗಳಲ್ಲಿ ಬರುವ ಆಹಾರ ಅಲ್ಲಿಯದು. ಮುದ್ದೆ, ಜೋಳದ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮಸ್ಸೊಪ್ಪು ಅಲ್ಲಿ ಸಿಗುವುದಿಲ್ಲ. ಒಳ್ಳೆಯ ಆಹಾರವೆಂದರೆ ದುಬಾರಿಯ ಪರದೇಶಿ ವಸ್ತು ಎಂಬ ಭಾವನೆ ಮಗುವಿಗೆ ಬಂದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2019ರಲ್ಲಿ 'ನ್ಯೂಟ್ರಿಫೈ ಇಂಡಿಯಾ ನೌ' ಎಂಬ ಮೊಬೈಲ್ ಆ್ಯಪ್ ಅನ್ನು ಹೊರತಂದಿತು. ಭಾರತೀಯ ಆಹಾರಗಳ ಪೋಷಕಾಂಶಗಳ ಲೆಕ್ಕ ತಿಳಿಯಲು ರೂಪಿಸಿದ ಇಂಥ ಸಾಧನ ಶಿಕ್ಷಕರಿಗೆ ಹೆಚ್ಚು ಉಪಯುಕ್ತ.

ಎರಡನೆಯದಾಗಿ, ಆಟದ ಶಕ್ತಿಯನ್ನು ತಿಂಡಿ ಮತ್ತು ತಂಪು ಪಾನೀಯದ ವ್ಯಾಪಾರಿಗಳೂ ಬಲ್ಲರು. ಪುಕ್ಕಟೆ ಆಟದ ನಡುವೆ ಅವರ ಜಾಹೀರಾತು ಬರುತ್ತದೆ. ಕೆಲವೊಮ್ಮೆ ಆಟವೇ ಜಾಹೀರಾತಾಗಿರುತ್ತದೆ. 300 ಮಿಲಿಲೀಟರ್ ಸಿಹಿ ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರು ಚಹಾ ಚಮಚೆಯಷ್ಟು ಇರುತ್ತದೆ. ಮಕ್ಕಳ ಎದುರಿನಲ್ಲಿಯೇ ಆರು ಚಮಚೆ ಸಕ್ಕರೆಯನ್ನು ಒಂದು ಲೋಟಕ್ಕೆ ಅಳೆದು ಹಾಕಿ ತೋರಿಸಿದರೆ ಅದೇ ಒಂದು ಪಾಠ.

ಚೌಕಾಬಾರವೂ ಒಂದು ಪಾಠಶಾಲೆ

ಗಣಕಯಂತ್ರವಿಲ್ಲದ ಅಥವಾ ವಿದ್ಯುತ್ತು ಕೈಕೊಡುವ ಶಾಲೆಗಳವರು ನಿರಾಶರಾಗಬೇಕಿಲ್ಲ. ಆಟದಿಂದ ನೀತಿ ಕಲಿಸುವುದು ಈ ದೇಶಕ್ಕೆ ಹೊಸದಲ್ಲ. ಹಾವು ಏಣಿಯ ಆಟ ಹಿಂದೆ ಪಾಪಪುಣ್ಯಗಳನ್ನು ತಿಳಿಸುವ ಪರಮಪದದ ಆಟವಾಗಿತ್ತು. ಆದರೆ ಅದರಲ್ಲಿ ಎಲ್ಲವೂ ದಾಳದ ಕೈಯಲ್ಲಿದೆ, ಆಟಗಾರನ ಆಯ್ಕೆಗೆ ಅವಕಾಶವಿಲ್ಲ. ಪೋಷಣೆಯ ಪಾಠಕ್ಕೆ ಚೌಕಾಬಾರವೇ ಹೆಚ್ಚು ಸೂಕ್ತ. ಕವಡೆ ಎಷ್ಟು ಬಿದ್ದರೂ ಯಾವ ಕಾಯಿಯನ್ನು ನಡೆಸಬೇಕೆಂಬುದು ಆಟಗಾರನಿಗೇ ಬಿಟ್ಟದ್ದು.

ಆಟದ ವಿಧಾನ ಹೀಗಿರಲಿ. ನೆಲದ ಮೇಲೆ ಎಂದಿನಂತೆ ಸಾಲಿಗೆ ಐದರಂತೆ 25 ಮನೆಗಳ ಚೌಕ ಬರೆಯಬೇಕು. ಕವಡೆ ಇಲ್ಲದಿದ್ದರೆ ಒಂದು ಬದಿ ಉಜ್ಜಿದ ನಾಲ್ಕು ಹುಣಸೆಬೀಜ ಸಾಕು. ಪ್ರತಿ ಆಟಗಾರನ ನಾಲ್ಕು ಕಾಯಿಗಳಿಗೆ ನಾಲ್ಕು ಆಹಾರ ಗುಂಪುಗಳ ಹೆಸರಿಡಬೇಕು. ಒಂದು ಕಾಯಿ ಧಾನ್ಯ, ಒಂದು ಕಾಯಿ ಬೇಳೆಕಾಳು ಅಥವಾ ಮೊಟ್ಟೆ ಮಾಂಸ, ಒಂದು ಸೊಪ್ಪು ತರಕಾರಿ, ಇನ್ನೊಂದು ಹಾಲು ಹಣ್ಣು. ಕಾಯಿ ಹೊಡೆಸಿಕೊಂಡು ಮನೆಗೆ ಹಿಂದಿರುಗಿದರೆ, ಆ ಗುಂಪಿನ ಒಂದು ಅಡುಗೆಯನ್ನೂ ಅದಕ್ಕೆ ಬೇಕಾದ ಬೆಳೆಯನ್ನೂ ಹೇಳಿದ ಮೇಲೆಯೇ ಅದನ್ನು ಮತ್ತೆ ಹೊರಡಿಸಬೇಕು. ಒಮ್ಮೆ ಹೇಳಿದ ಅಡುಗೆಯನ್ನು ಇನ್ನೊಬ್ಬರು ಹೇಳುವಂತಿಲ್ಲ.

ನಡುಮನೆ ಸೇರಿದ ಕಾಯಿಯನ್ನು 'ಹಣ್ಣಾಯಿತು' ಎನ್ನುತ್ತಾರೆ. ನಾಲ್ಕೂ ಹಣ್ಣಾಗದೆ ಗೆಲುವಿಲ್ಲ. ಧಾನ್ಯದ ಕಾಯಿಯೊಂದನ್ನೇ ಓಡಿಸಿ ಮಿಕ್ಕವನ್ನು ಮರೆತವನು ಸೋಲುತ್ತಾನೆ. ಊಟದಲ್ಲಿ ಆಗುತ್ತಿರುವುದೂ ಇದೇ. ತಟ್ಟೆಯ ತುಂಬ ಅನ್ನ, ಅದರ ಮೇಲೆ ನೀರುಸಾರು, ಸೊಪ್ಪು ಕಾಳು ಹೆಸರಿಗೆ ಮಾತ್ರ. 2024ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಪ್ರಕಟಿಸಿದ ಆಹಾರ ಮಾರ್ಗಸೂಚಿಯು, ಧಾನ್ಯಗಳಿಂದ ಬರುವ ಶಕ್ತಿ ಒಟ್ಟು ಶಕ್ತಿಯ ಶೇ. 45ನ್ನು ಮೀರಬಾರದೆಂದು ಹೇಳಿತು. ದೇಶದಲ್ಲಿ ಅದು ಶೇ. 50ರಿಂದ 70ರಷ್ಟಿದೆಯೆಂದೂ ತೋರಿಸಿತು. ಅದೇ ಮಾರ್ಗಸೂಚಿಯಲ್ಲಿ ಸುಮಾರು 2000 ಕಿಲೋ ಕ್ಯಾಲೊರಿಯ ಒಂದು ದಿನದ ಊಟಕ್ಕೆ ಸೂಚಿಸಿದ ಮುಖ್ಯ ಪ್ರಮಾಣಗಳು ಹೀಗಿವೆ:

ಧಾನ್ಯ ಹಾಗೂ ಸಿರಿಧಾನ್ಯ – 250 ಗ್ರಾಂ
ಬೇಳೆಕಾಳು – 85 ಗ್ರಾಂ
ಸೊಪ್ಪು ಸೇರಿದಂತೆ ತರಕಾರಿ – 400 ಗ್ರಾಂ
ಹಣ್ಣು – 100 ಗ್ರಾಂ
ಹಾಲು ಅಥವಾ ಮೊಸರು – 300 ಮಿಲಿಲೀಟರ್

ಇದರ ಜೊತೆಗೆ ಸ್ವಲ್ಪ ಎಣ್ಣೆ ಮತ್ತು ಶೇಂಗಾ, ಎಳ್ಳಿನಂಥ ಎಣ್ಣೆಬೀಜಗಳೂ ಬೇಕು. ಧಾನ್ಯದಲ್ಲಿಯೂ ಆಯ್ಕೆ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಕೂಡ ಇರುವುದಿಲ್ಲ.

ಮಗು ಕೇಳಿದಾಗ ಹಿತ್ತಲಲ್ಲಿ ಇರಬೇಕು

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಕೇಳದವರಿಲ್ಲ. ಇಂದು ಎಷ್ಟೋ ಮನೆಗಳಲ್ಲಿ ಮದ್ದಿರಲಿ, ಹಿತ್ತಲಲ್ಲಿ ಗಿಡವೇ ಇಲ್ಲ. ಹಸು ಕರೆದ ಹಾಲೆಲ್ಲ ಡೇರಿಗೆ ಹೋಗುತ್ತದೆ, ಮಗುವಿಗೆ ಉಳಿಯುವುದು ಚಹಾ. ಮೊಟ್ಟೆ ಅಂಗಡಿಗೆ ಹೋಗುತ್ತದೆ. ಬೆಳೆದ ರಾಗಿ ಮಾರುಕಟ್ಟೆಗೆ ಹೋಗಿ ಮನೆಗೆ ಅಕ್ಕಿ ಬರುತ್ತದೆ. ಹಣದ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬಿತ್ತನೆಗೆಂದು ಬೀಜವನ್ನು ಎತ್ತಿಟ್ಟ ಮೇಲೆಯೇ ಉಳಿದದ್ದನ್ನು ಮಾರುವುದು ರೈತನ ಪದ್ಧತಿ. ಮನೆಯ ಮಕ್ಕಳ ಪಾಲನ್ನೂ ಹಾಗೆಯೇ ಮೊದಲು ಎತ್ತಿಡಬೇಕು. ದಿನಕ್ಕೆ ಪ್ರತಿ ಮಗುವಿಗೆ ಒಂದು ಲೋಟ ಹಾಲು ತೆಗೆದಿಟ್ಟು ಉಳಿದದ್ದನ್ನು ಡೇರಿಗೆ ಹಾಕುವುದೆಂದು ಮನೆಯವರು ಕೂಡಿ ನಿರ್ಧರಿಸಬಹುದು.

ಸೊಪ್ಪು ತರಕಾರಿಗಾಗಿ ಅರ್ಧ ಗುಂಟೆ, ಅಂದರೆ ಸುಮಾರು 50 ಚದರ ಮೀಟರ್ ಜಾಗವಿದ್ದರೆ ಒಳ್ಳೆಯ ಕೈತೋಟ ಮಾಡಬಹುದು. ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಸೂಕ್ತ.

1. ಎತ್ತರ ಬೆಳೆಯುವ ನುಗ್ಗೆ, ಪರಂಗಿ, ಕರಿಬೇವು, ನಿಂಬೆ ಗಿಡಗಳನ್ನು ಉತ್ತರದ ಅಂಚಿನಲ್ಲಿ ನೆಡಬೇಕು. ಆಗ ಮಡಿಗಳ ಮೇಲೆ ನೆರಳು ಬೀಳುವುದು ಕಡಿಮೆ. ನುಗ್ಗೆ ಸಸಿಯ ಕುಡಿಯನ್ನು ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿ ಚಿವುಟಿದರೆ ಕವಲೊಡೆದು ಸೊಪ್ಪು ಕೈಗೆ ಎಟುಕುತ್ತದೆ.

2. ಒಂದು ಮೀಟರ್ ಅಗಲದ ಮಡಿಗಳನ್ನು ಮಾಡಿ, ಪ್ರತಿ ಚದರ ಮೀಟರಿಗೆ 2ರಿಂದ 2.5 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು.

3. ಹರಿವೆ, ಮೆಂತ್ಯ ಸೊಪ್ಪುಗಳು 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಎಲ್ಲ ಮಡಿಗಳನ್ನೂ ಒಂದೇ ದಿನ ಬಿತ್ತದೆ, 15 ದಿನಗಳಿಗೊಮ್ಮೆ ಒಂದೊಂದು ಮಡಿ ಬಿತ್ತಿದರೆ ಸೊಪ್ಪು ಸತತವಾಗಿ ಸಿಗುತ್ತದೆ. ಹರಿವೆ ಬೀಜ ಬಹಳ ಸಣ್ಣದಾದ್ದರಿಂದ ಮರಳಿನೊಡನೆ ಬೆರೆಸಿ ಚೆಲ್ಲಬೇಕು.

4. ಬೇಲಿಗೆ ಬಸಳೆ, ತೊಂಡೆ, ಹೀರೆ, ಹಾಗಲ ಹಬ್ಬಿಸಬೇಕು. ಬಚ್ಚಲ ನೀರನ್ನು ಬಾಳೆ, ಪರಂಗಿಯ ಬುಡಕ್ಕೆ ಹರಿಸಬಹುದು. ಸೊಪ್ಪಿನ ಮಡಿಗಳಿಗೆ ಬೇಡ.

5. ಕೀಟ ಕಂಡರೆ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸಬೇಕು. ಹತ್ತಿ, ಮೆಣಸಿನಕಾಯಿಗೆ ತಂದ ಕೀಟನಾಶಕವನ್ನು ಕೈತೋಟದ ಸೊಪ್ಪಿಗೆ ಎಂದಿಗೂ ಹೊಡೆಯಕೂಡದು.

ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಬೇಕಾದರೆ ಜೊತೆಗೆ 'ಸಿ' ಜೀವಸತ್ವ ಬೇಕು. ಪಲ್ಯದ ಮೇಲೆ ಹಿಂಡಿದ ನಿಂಬೆ, ಊಟದ ನಂತರದ ಒಂದು ಸೀಬೆಹಣ್ಣು ಈ ಕೆಲಸ ಮಾಡುತ್ತವೆ. ಊಟಕ್ಕೆ ಒಂದು ಗಂಟೆ ಮೊದಲಾಗಲಿ ನಂತರವಾಗಲಿ ಚಹಾ ಕಾಫಿ ಕುಡಿದರೆ ಈ ಲಾಭ ಕಡಿಮೆಯಾಗುತ್ತದೆ.

ಶಿಕ್ಷಕರಿಗೂ ಕಾರ್ಯಕರ್ತರಿಗೂ ಕೆಲವು ಸೂಚನೆಗಳು

ಆಟ ಮುಗಿದ ಕೂಡಲೇ ಪ್ರತಿ ಮಗುವಿಗೂ ಒಂದು ಚೀಟಿ ಕೊಟ್ಟು, 'ಏನು, ಎಲ್ಲಿ, ಯಾವಾಗ' ಎಂಬ ಮೂರು ಮಾತು ಬರೆಸಬೇಕು. 'ಶುಕ್ರವಾರ ರಾತ್ರಿ, ಮನೆಯಲ್ಲಿ, ಹರಿವೆ ಸೊಪ್ಪಿನ ಪಲ್ಯ' ಎಂದಷ್ಟಿದ್ದರೆ ಸಾಕು. ಚೀಟಿ ಮನೆಗೆ ಹೋಗಲಿ. ಮುಂದಿನ ವಾರ ಅದು ನಡೆಯಿತೇ, ನಡೆಯದಿದ್ದರೆ ಅಡ್ಡಿಯಾದದ್ದೇನು ಎಂದು ವಿಚಾರಿಸಬೇಕು. ಅಡ್ಡಿ ಏನೆಂಬ ಉತ್ತರದಲ್ಲಿಯೇ ವಿಸ್ತರಣಾ ಕಾರ್ಯಕರ್ತನ ಮುಂದಿನ ಕೆಲಸವಿದೆ. ಬೀಜವಿಲ್ಲವೆಂದರೆ ಬೀಜ, ನೀರಿಲ್ಲವೆಂದರೆ ಬಚ್ಚಲ ನೀರಿನ ಉಪಾಯ, ರುಚಿಸಲಿಲ್ಲವೆಂದರೆ ಬೇರೆ ಅಡುಗೆ.

ಫಲವನ್ನು ಅಂಕಗಳಿಂದ ಅಳೆಯಬಾರದು. ನಿನ್ನೆ ನಾಲ್ಕು ಗುಂಪುಗಳಲ್ಲಿ ಎಷ್ಟು ಗುಂಪಿನ ಆಹಾರ ತಿಂದೆ ಎಂದು ಆಟ ಆರಂಭಿಸುವ ಮೊದಲೊಮ್ಮೆ, ಆರು ವಾರಗಳ ನಂತರ ಮತ್ತೊಮ್ಮೆ, ಹೆಸರು ಬರೆಯಿಸದೆ ಲೆಕ್ಕ ಮಾಡಬೇಕು. ಹೆಸರು ಬೇಡವೆಂಬುದಕ್ಕೆ ಕಾರಣವಿದೆ. ಯಾರ ಮನೆಯಲ್ಲಿ ಹಣ್ಣಿಲ್ಲ, ಯಾರು ಏನು ತಿನ್ನುತ್ತಾರೆ ಎಂಬುದು ತರಗತಿಯ ಎದುರು ಬಯಲಾದರೆ ಬಡವರ ಮಗು ನಾಚಿ ಸುಳ್ಳು ಹೇಳುತ್ತದೆ, ಇಲ್ಲವೇ ಶಾಲೆಗೇ ಬರುವುದಿಲ್ಲ. ಮೊಟ್ಟೆ ಮಾಂಸ ತಿನ್ನುವ ಮನೆಯ ಊಟವೂ ತಿನ್ನದ ಮನೆಯ ಊಟವೂ ಆಟದಲ್ಲಿ ಸಮಾನ ಗೌರವ ಪಡೆಯಬೇಕು. ಹಿತ್ತಲೇ ಇಲ್ಲದ ಕೂಲಿಕಾರರ ಮಕ್ಕಳಿಗೆ ಶಾಲೆಯ ಕೈತೋಟವೇ ಹಿತ್ತಲು. ಅಲ್ಲಿ ಬೆಳೆದ ಸೊಪ್ಪು ಬಿಸಿಯೂಟದ ಸಾರಿಗೆ ಸೇರಲಿ, ಉಳಿದದ್ದು ಸರದಿಯ ಮೇಲೆ ಮಕ್ಕಳ ಮನೆಗೆ ಹೋಗಲಿ.

ಇನ್ನೊಂದು ಮಾತು. ಬಿಳಿಚಿಕೊಂಡ ಮಗುವಿಗೆ ಆಟವೂ ಸೊಪ್ಪೂ ಸಾಲವು. ಅಂಥ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕು. ವೈದ್ಯರು ಹೇಳಿದ ಕಬ್ಬಿಣಾಂಶದ ಮಾತ್ರೆಯನ್ನೂ ಜಂತುಹುಳುವಿನ ಮಾತ್ರೆಯನ್ನೂ ತಪ್ಪದೆ ಕೊಡಿಸಬೇಕು.

ಬಂಧುಗಳೇ, ಆಟ ಮಗುವಿಗೆ ಕೇಳುವುದನ್ನು ಕಲಿಸಬಲ್ಲದು. ಅದು ಪರದೆಯ ಮೇಲಿನ ಆಟವಾಗಲಿ, ಜಗಲಿಯ ಮೇಲಿನ ಚೌಕಾಬಾರವಾಗಲಿ, ಅದರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಮಗು ಮನೆಗೆ ಬಂದು ಸೊಪ್ಪು ಬೇಕೆಂದು ಕೇಳಿದ ದಿನ 'ನಾಳೆ ಸಂತೆಯಲ್ಲಿ ನೋಡೋಣ' ಎನ್ನುವ ಮನೆಗಿಂತ, ಕುಡುಗೋಲು ಕೈಗೆ ಕೊಟ್ಟು 'ಹೋಗಿ ಕೊಯ್ದುಕೊಂಡು ಬಾ' ಎನ್ನುವ ಮನೆಯಲ್ಲಿ ಆ ಪಾಠ ಉಳಿಯುತ್ತದೆ. ಈ ಮುಂಗಾರಿನಲ್ಲಿ ಪ್ರತಿ ರೈತ ಕುಟುಂಬವೂ ಹಿತ್ತಲಲ್ಲಿ ಎರಡು ನುಗ್ಗೆ ಗಿಡ, ಒಂದು ನಿಂಬೆ ಗಿಡ ನೆಟ್ಟು, ಒಂದು ಮಡಿ ಹರಿವೆ ಬಿತ್ತುವುದರಿಂದ ಈ ಕಾರ್ಯವನ್ನು ಆರಂಭಿಸಬಹುದು.